ಬೇಲೂರಿಗೆ ಬಂದ ರೈಲು

ನಿಮ್ಮ ಸಂಗೀತದ ಗುರುಗಳು ಯಾರು ಎಂದು ಯಾರಾದರೂ ಕೇಳಿದರೆ ನಾನು ಇಬ್ಬರನ್ನು ಹೇಳುತ್ತೇನೆ. ಒಬ್ಬರು ನಮ್ಮಜ್ಜಿ, ಅಪ್ಪನ ತಾಯಿ. ಇನ್ನೊಂದು ಅರಸೀಕೆರೆಯ ರೈಲು. ಕೇಳಿದವರು ನಗುತ್ತಾರೆ. ನಗಲಿ. ಇಷ್ಟು ವರ್ಷ ಹೈಸ್ಕೂಲು ಮಕ್ಕಳ ಮುಂದೆ ನಿಂತವಳಿಗೆ ನಗುವವರನ್ನು ಸುಮ್ಮನಾಗಿಸುವುದೂ ಗೊತ್ತು, ತಾವಾಗಿಯೇ ಸುಮ್ಮನಾಗಲಿ ಎಂದು ಬಿಡುವುದೂ ಗೊತ್ತು.

ಅಜ್ಜಿ ನಮ್ಮ ಜೊತೆ ಹಳೇಬೀಡಿನಲ್ಲಿದ್ದರು. ಅಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ರಜೆಯಲ್ಲಿ ಹುಲಿಕೆರೆಯ ನೆಂಟರ ಮನೆಗೆ ಹೋದಾಗ ಅಜ್ಜಿ ನನ್ನನ್ನು ಅಲ್ಲಿನ ಕಲ್ಯಾಣಿಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಬಂದವರೆಲ್ಲ ಅದರ ಮೆಟ್ಟಿಲುಗಳ ಫೋಟೋ ತೆಗೆಯುತ್ತಾರೆ, ಅಜ್ಜಿಗೆ ಮಾತ್ರ ಅದು ಪಾಠದ ಕೋಣೆ. ತಾವು ಮೇಲಿನ ಮೆಟ್ಟಿಲಲ್ಲಿ ಕೂತು, ನನ್ನನ್ನು ಕೆಳಗೆ ನೀರಿನ ಹತ್ತಿರ ನಿಲ್ಲಿಸಿ ಹಾಡಿಸುವರು. ಹಾಡು ಅರ್ಧಕ್ಕೆ ಬಂದಾಗ ಕೈ ಎತ್ತಿ, "ಬಾಯಿ ಮುಚ್ಚು. ಈಗ ಒಳಗೆ ಹಾಡ್ಕೋ" ಎನ್ನುವರು. ಸ್ವಲ್ಪ ಹೊತ್ತು ಬಿಟ್ಟು ಕೈ ಇಳಿಸಿದ ತಕ್ಷಣ ನಾನು ಬಾಯಿ ತೆಗೆಯಬೇಕು. ಅವರು ಮನಸ್ಸಿನಲ್ಲಿ ಹಾಡಿನ ಯಾವ ಜಾಗಕ್ಕೆ ಬಂದಿದ್ದಾರೋ ನಾನೂ ಅಲ್ಲಿಗೇ ಬಂದಿರಬೇಕು. ಇಲ್ಲದಿದ್ದರೆ ಮತ್ತೆ ಮೊದಲಿಂದ.

"ಬಾಯಲ್ಲಿರೋದಲ್ಲ ಕಣೇ ಹಾಡು. ಬಾಯಿ ಮುಚ್ಚಿದ ಮೇಲೂ ನಡೀತಿದ್ರೆ ಅದು ಹಾಡು" ಎನ್ನುತ್ತಿದ್ದರು. ಆ ವಯಸ್ಸಿಗೆ ನನಗೆ ಇದು ಶುದ್ಧ ಪೀಡೆ. ನೀರಿಗೆ ಕಲ್ಲು ಎಸೆಯಲೂ ಬಿಡದೆ ಇದೇನು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಕಾಪಾಡಿದ್ದು ಅದೇ ಪೀಡೆ.

ಕೆಲಸ ಸಿಕ್ಕಿದ್ದು ಅರಸೀಕೆರೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ. ಶಾಲೆಯ ಹಿಂದಿನ ಕಾಂಪೌಂಡು ದಾಟಿದರೆ ರೈಲು ಹಳಿ. ಸಂಗೀತಕ್ಕೆ ಕೊಟ್ಟ ಕೋಣೆ ಆ ಕಾಂಪೌಂಡಿಗೇ ಅಂಟಿಕೊಂಡಿತ್ತು. ಬೇರೆ ಯಾವ ಮೇಷ್ಟ್ರೂ ಒಲ್ಲೆ ಎಂದ ಕೋಣೆ ಸಂಗೀತಕ್ಕೆ ಬರುವುದು ಎಲ್ಲ ಶಾಲೆಗಳ ಪದ್ಧತಿ. ಗಣಿತದ ಪಾಠ ಮುಗಿಯದಿದ್ದರೆ ಸಂಗೀತದ ಪೀರಿಯಡ್ಡನ್ನು ಎತ್ತಿಕೊಳ್ಳುವುದೂ ಪದ್ಧತಿ. ಗಣಿತದವರು ಬಿಟ್ಟುಕೊಟ್ಟ ಪೀರಿಯಡ್ಡನ್ನು ರೈಲು ಎತ್ತಿಕೊಳ್ಳುತ್ತಿತ್ತು. ಜಂಕ್ಷನ್ ಊರು, ಕೇಳಬೇಕೆ? ಒಂದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಮೊದಲು ಎಂಜಿನ್ನಿನ ಹಾರ್ನು, ಆಮೇಲೆ ಗಡಗಡ. ನನ್ನ ಮಾತು ನನಗೇ ಕೇಳಿಸದು. ನಿಲ್ಲಿಸುವುದು, ಮತ್ತೆ ಪಲ್ಲವಿಯಿಂದ ಶುರು ಮಾಡುವುದು. ಮೊದಲ ವರ್ಷವೆಲ್ಲ ನನ್ನ ಮಕ್ಕಳಿಗೆ ಪಲ್ಲವಿಗಳು ಮಾತ್ರ ಬರುತ್ತಿದ್ದವು.

ಹೆಡ್‌ಮಾಸ್ಟರ ಹತ್ತಿರ ಹೋಗಿ ಬೇರೆ ಕೋಣೆ ಕೇಳಿದೆ. ಅವರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಗುತ್ತಲೇ ಅಂದರು. ನನಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಕೋಣೆಗೆ ಬಂದು ಪಾಠ ಶುರು ಮಾಡಿದೆ. ಚರಣದ ಹೊತ್ತಿಗೆ ಎಂಜಿನ್ ಕೂಗಿತು. ಮಕ್ಕಳು ಹಾಡು ನಿಲ್ಲಿಸಿದರು. ನಾನು ತಾಳದ ಕೈ ನಿಲ್ಲಿಸಲಿಲ್ಲ. ಬಾಯಿ ಮುಚ್ಚಿಕೊಳ್ಳಿ ಎಂದು ಸನ್ನೆ ಮಾಡಿ, ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದೆ. ಮಕ್ಕಳೂ ಹಾಕಿದರು. ರೈಲು ಪೂರ್ತಿ ಹೋಗಿ ಸದ್ದು ಕರಗಿದ ಮೇಲೆ ತಲೆ ಆಡಿಸಿದೆ. ಕೆಲವರು ಎಲ್ಲೆಲ್ಲೋ ಎದ್ದರು, ಆದರೆ ನಾಲ್ಕೈದು ಹುಡುಗಿಯರು ಸರಿಯಾಗಿ ನಾನಿದ್ದ ಜಾಗದಲ್ಲೇ ಬಾಯಿ ತೆಗೆದರು. ನನಗೆ ಹುಲಿಕೆರೆಯ ನೀರಿನ ವಾಸನೆ ಬಂದಂತಾಯಿತು.

ಆಮೇಲೆ ಅದೇ ನಮ್ಮ ಕ್ರಮವಾಯಿತು. ಮಕ್ಕಳು ಅದಕ್ಕೆ ರೈಲುತಾಳ ಎಂದು ಹೆಸರಿಟ್ಟರು. ಹಾರ್ನು ಕೇಳಿದ ಕೂಡಲೇ ಬಾಯಿ ಬಂದ್, ಹಾಡು ಒಳಗೆ. ನಾನು ತಲೆ ಆಡಿಸಿದರೆ ಬಾಯಿ ತೆರೆ. ತಪ್ಪು ಜಾಗದಲ್ಲಿ ಎದ್ದವನಿಗೆ "ರೈಲಿಗೆ ಸಿಕ್ಕ" ಎನ್ನುವುದು. ಉದ್ದನೆಯ ಗೂಡ್ಸ್ ಗಾಡಿ ಬಂದರೆ ಒಂದಿಡೀ ಚರಣ ಒಳಗೇ ಮುಗಿದುಹೋಗುವುದು. ಹೊಸದಾಗಿ ಬಂದ ಟೀಚರುಗಳು ಕಿಟಕಿಯಲ್ಲಿ ಇಣುಕಿ, ಬಾಯಿ ಮುಚ್ಚಿಕೊಂಡು ತೊಡೆ ತಟ್ಟುವ ಮಕ್ಕಳನ್ನು ನೋಡಿ ಗಾಬರಿಯಾಗುತ್ತಿದ್ದರು.

ಊರಿನ ಬ್ಯಾಂಡು ಹುಟ್ಟಿದ್ದು ಶಾಲೆಯ ಬ್ಯಾಂಡಿನಿಂದ. ಆಗಸ್ಟ್ ಹದಿನೈದರ ಕವಾಯತಿಗೆ ಮಕ್ಕಳಿಗೆ ಡ್ರಮ್ಮು, ಕೊಳಲು ಕಲಿಸುತ್ತಿದ್ದೆ. ಒಂದು ಸಂಜೆ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಹೋಗಲು ಬಂದವರು ಹೋಗದೆ ಬಾಗಿಲಲ್ಲೇ ನಿಂತರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಹಣೆಗೆ ವಿಭೂತಿ. ಕೊಬ್ಬರಿ ಮಂಡಿಯ ಸಾಹುಕಾರರು ಎಂದು ಊರಿಗೆಲ್ಲ ಗೊತ್ತು. ಮಾರನೆಯ ಸಂಜೆ ಒಂದು ಕಪ್ಪು ಪೆಟ್ಟಿಗೆ ಹಿಡಿದುಕೊಂಡು ಬಂದರು. ಅದರಲ್ಲಿ ಕ್ಲಾರಿನೆಟ್ ಇತ್ತು.

"ನಮ್ಮಪ್ಪ ಬದುಕಿರೋವರ್ಗೂ ಗೋಡೌನಿನಲ್ಲಿ ಮೂಟೆಗಳ ಹಿಂದೆ ಕೂತು ಊದ್ತಿದ್ದೆ ಮೇಡಂ. 'ಸಾಹುಕಾರನ ಮಗನಾಗಿ ಹುಟ್ಟಿ ವಾಲಗ ಊದ್ತೀಯೇನೋ' ಅಂತ ಬೈಯೋನು. ಈಗ ಅಪ್ಪ ಇಲ್ಲ. ಒಬ್ಬನೇ ಊದಿ ಬೇಜಾರಾಗೈತೆ. ಮಕ್ಕಳ ಜೊತೆ ಕೂತ್ಕೊಳ್ಳಲಾ?"

ಕೂರಿಸಿಕೊಂಡೆ. ಒಬ್ಬರು ಕೂತ ಮೇಲೆ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ಟ್ರಂಪೆಟ್ಟಿಗೆ ಒಬ್ಬ ಟೈಲರ್, ಕೊಳಲಿಗೆ ಬ್ಯಾಂಕಿನ ಹೆಂಗಸೊಬ್ಬರು, ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು. ದೊಡ್ಡ ಡ್ರಮ್ಮಿಗೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಹಳಿ ಬಡಿದು ಬಡಿದು ಅವರ ತೋಳು ಡ್ರಮ್ಮಿಗೆಂದೇ ತಯಾರಾಗಿತ್ತು. ಭಾನುವಾರ ಮಧ್ಯಾಹ್ನ ನನ್ನ ಕೋಣೆಯಲ್ಲೇ ಅಭ್ಯಾಸ. ಶುರುವಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿತ್ತು ನಮ್ಮ ಬ್ಯಾಂಡು. ನಾನು ಬೈದೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಊರಿನಲ್ಲಿ ಯಾರಿಗೂ ಹೆದರದ ಗಂಡಸರು ನನ್ನ ಮುಂದೆ ತಲೆ ತಗ್ಗಿಸಿ "ತಪ್ಪಾಯ್ತು ಮೇಡಂ" ಎನ್ನುವುದನ್ನು ಕೇಳಲು ನನಗೂ ಚೆನ್ನಾಗಿತ್ತು. ಹಾಡ್ತಾ ಹಾಡ್ತಾ ರಾಗ ಎನ್ನುವುದು ಸುಳ್ಳಲ್ಲ. ವರ್ಷ ಕಳೆಯುವುದರೊಳಗೆ ನಾವು ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸುವ ಮಟ್ಟಕ್ಕೆ ಬಂದೆವು. ರೈಲುತಾಳವಂತೂ ಮಕ್ಕಳಿಗಿಂತ ಇವರಿಗೇ ಚೆನ್ನಾಗಿ ಹತ್ತಿತು. ಗ್ಯಾಂಗ್‌ಮನ್ ಬಡಿಗೆಯನ್ನು ಡ್ರಮ್ಮಿಗೆ ತಾಗಿಸದೆ ಗಾಳಿಯಲ್ಲೇ ಬಡಿಯುತ್ತಾ ಕಾಯುವರು. ಬಿಕ್ಕೋಡಿನ ಕಡೆ ಒಂದು ಎಸ್ಟೇಟಿನ ಮದುವೆಗೆ ಹೋಗಿ ನುಡಿಸಿ ಬಂದೆವು. ಊಟ ಚೆನ್ನಾಗಿತ್ತು, ಸಂಗೀತ ಪರವಾಗಿಲ್ಲ ಅಂದರು.

ಸಾಹುಕಾರರು ಕಣ್ಣು ಮುಚ್ಚಿಕೊಂಡು ಊದುತ್ತಿದ್ದರು. ಕಣ್ಣು ಬಿಟ್ಟು ನನ್ನ ಕೈ ನೋಡಿ ಎಂದು ಎಷ್ಟು ಹೇಳಿದರೂ ಅದೊಂದನ್ನು ಕೇಳಲಿಲ್ಲ. ಆದರೆ ಆ ಕ್ಲಾರಿನೆಟ್ಟಿನ ನಾದ ಕೇಳಿದರೆ ಬೈಯಲು ಮನಸ್ಸೇ ಬರುತ್ತಿರಲಿಲ್ಲ. ಮೂಟೆಗಳ ಹಿಂದೆ ಮೆಲ್ಲಗೆ ಊದಿ ಕಲಿತ ನಾದ ಅದು, ಎಲ್ಲೂ ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಬ್ಯಾಂಡು ನಿಂತದ್ದೇ ಅದರ ಮೇಲೆ.

ಒಂದು ಭಾನುವಾರ ಎಂಜಿನ್ ಕೂಗಿತು. ಎಲ್ಲರೂ ನಿಂತರು. ಸಾಹುಕಾರರು ನಿಲ್ಲಲಿಲ್ಲ.

ಕಣ್ಣು ಮುಚ್ಚಿಕೊಂಡು ಊದುತ್ತಲೇ ಇದ್ದರು. ಗೂಡ್ಸ್ ಗಾಡಿ ಕೋಣೆಯ ಗೋಡೆ ನಡುಗಿಸುತ್ತಾ ಹೋಗುತ್ತಿತ್ತು, ಅವರ ಬೆರಳುಗಳು ಮಾತ್ರ ಕ್ಲಾರಿನೆಟ್ಟಿನ ಮೇಲೆ ಓಡುತ್ತಿದ್ದವು. ಎಲ್ಲರೂ ತಮಾಷೆ ಎಂದುಕೊಂಡು ನಕ್ಕರು. ಟೈಲರ್ ಅವರ ತೊಡೆ ತಟ್ಟಿದ. ಅವರು ಬೆಚ್ಚಿ ಕಣ್ಣು ತೆರೆದು, ಸುತ್ತ ನೋಡಿ, ತಾವೂ ನಕ್ಕರು. ಆ ನಗು ಬರುವುದಕ್ಕೆ ಮುಂಚೆ ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ನಾನು ಎದುರಿಗಿದ್ದೆ, ನನಗೆ ಕಂಡಿತು.

ಎರಡು ದಿನ ತಡೆದುಕೊಂಡು ಅವರ ತೋಟದ ಮನೆಗೆ ಹೋದೆ. ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿ ಬಿದ್ದಿತ್ತು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ. ಒಳಗೇ ಒಣಗಿ, ಚಿಪ್ಪು ಬಿಟ್ಟುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅಂದರೆ ಕೊಬ್ಬರಿ ಆಯಿತು ಎಂದು ಲೆಕ್ಕ. ಸಾಹುಕಾರರು ನನಗೆ ಬೆನ್ನು ಮಾಡಿ ಕೂತು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಎರಡು ರಾಶಿ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಆಳು ಹೆಂಗಸು ಆಗಾಗ ಒಂದು ಕಾಯಿಯನ್ನು ಆ ರಾಶಿಯಿಂದ ತೆಗೆದು ಈ ರಾಶಿಗೆ ಹಾಕುತ್ತಿದ್ದಳು. ನಾನು ಹಿಂದಿನಿಂದ "ಸಾಹುಕಾರ್ರೇ" ಎಂದು ಕೂಗಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಆಳು ಹೆಂಗಸು ತಿರುಗಿದಳು, ಅವಳನ್ನು ನೋಡಿ ಅವರು ತಿರುಗಿದರು.

"ಬನ್ನಿ ಮೇಡಂ, ಯಾವಾಗ ಬಂದ್ರಿ?"

"ಎಷ್ಟು ದಿನದಿಂದ?" ಎಂದು ಕೇಳಿ ನನ್ನ ಕಿವಿ ಮುಟ್ಟಿ ತೋರಿಸಿದೆ.

ಅವರು ಆಳು ಹೆಂಗಸನ್ನು ಕಾಫಿ ತರಲು ಕಳಿಸಿ, ಕೈಯಲ್ಲಿದ್ದ ಕಾಯಿಯನ್ನು ನೆಲಕ್ಕಿಟ್ಟರು. "ಎಡಗಿವಿ ಹೋಗಿ ಬಹಳ ದಿನ ಆಯ್ತು. ಈಗ ಬಲಗಿವೀನೂ ಅದರ ಹಿಂದೇನೇ ಹೊರಟೈತೆ. ಹಾಸನದಲ್ಲಿ ತೋರಿಸ್ದೆ, ಮಿಷನ್ ಕೊಟ್ರು. ಅದನ್ನ ಹಾಕ್ಕೊಂಡ್ರೆ ಮಾತು ಕೇಳುತ್ತೆ, ಮಂಡಿಗೆ ಆಗುತ್ತೆ. ಕ್ಲಾರಿನೆಟ್ ಮಾತ್ರ ತಗಡು ಕುಯ್ದಂಗೆ ಕೇಳುತ್ತೆ ಮೇಡಂ. ಅದಕ್ಕೇ ತೆಗೆದಿಟ್ಟು ಊದ್ತೀನಿ. ನನ್ನದು ನನಗೆ ಹಲ್ಲಲ್ಲಿ ಕೇಳುತ್ತೆ. ಬೇರೆಯವರದ್ದೇ ಕೇಳಲ್ಲ."

"ಮನೆಯವರಿಗೆ ಗೊತ್ತಾ?"

ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡು ನಕ್ಕರು. "ಅವಳಿಗೆ ಅನುಮಾನಾನೇ ಬಂದಿಲ್ಲ. ಮೊದಲಿಂದಲೂ ಅವಳ ಮಾತು ನಾನೆಲ್ಲಿ ಕೇಳ್ತಿದ್ದೆ?"

ನನಗೆ ನಗು ಬರಲಿಲ್ಲ. ಕಾಫಿ ಬಂದರೂ ಕುಡಿಯಲಾಗಲಿಲ್ಲ. ಅವರೇ ಮಾತು ಮುಂದುವರಿಸಿದರು. "ಒಂದು ಮಾತು ಕೊಡಿ ಮೇಡಂ. ನಾನು ಶ್ರುತಿ ಬಿಟ್ಟ ದಿನ ನೀವೇ ನನಗೆ ಹೇಳ್ಬೇಕು. ಅವತ್ತೇ ಪೆಟ್ಟಿಗೆಗೆ ಹಾಕಿ ಮುಚ್ಚಿಬಿಡ್ತೀನಿ. ಅಲ್ಲೀವರೆಗೂ ಯಾರಿಗೂ ಹೇಳ್ಬೇಡಿ. 'ಪಾಪ, ವಯಸ್ಸಾದೋನು, ಊದ್ಲಿ ಬಿಡು' ಅಂತ ಯಾರಾದ್ರೂ ಅಂದ್ರೆ ನಾನು ತಡ್ಕೊಳ್ಳಲ್ಲ. ನಮ್ಮಪ್ಪನ ಬೈಗುಳ ತಡ್ಕೊಂಡೆ. ಅದನ್ನ ತಡ್ಕೊಳ್ಳಕ್ಕಾಗಲ್ಲ."

ಕೊಟ್ಟೆ. ಕೊಟ್ಟ ಮೇಲೆ ಹೇಳುವುದು ಹೇಗೆ ಎಂಬ ಪ್ರಶ್ನೆ ಬಂತು. ನಾಲ್ಕು ಜನರ ಮುಂದೆ ಅವರ ಕಿವಿಗೆ ಕೂಗಿದರೆ ಊರಿಗೇ ಸಾರಿದಂತೆ. ಅದಕ್ಕೂ ಅವರ ಹತ್ತಿರ ಉಪಾಯವಿತ್ತು. ಅವರಪ್ಪ ದನದ ವ್ಯಾಪಾರಕ್ಕೆ ಹೋದಾಗ ಮಾತೇ ಆಡುತ್ತಿರಲಿಲ್ಲವಂತೆ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ ರೇಟು ಮುಗಿಸುತ್ತಿದ್ದರಂತೆ. "ಅಲ್ಲಿ ಕಿವಿಗೆ ಕೆಲಸವೇ ಇಲ್ಲ ಮೇಡಂ" ಎಂದು ಹೆಗಲ ಟವೆಲ್ಲು ತೆಗೆದು ತಮ್ಮ ಕೈ ಮೇಲೆ ಹಾಸಿಕೊಂಡು ಮುಂದೆ ಚಾಚಿದರು.

"ನಿಮ್ಮ ಬೆರಳು ಹಿಡಿದರೆ ನಮ್ಮನೆಯವರು ನನ್ನನ್ನು ಮನೆಗೆ ಸೇರಿಸಲ್ಲ" ಅಂದೆ. ಅರ್ಥವಾಗಿ ಗಾಬರಿಯಿಂದ ಕೈ ಹಿಂದೆಗೆದುಕೊಂಡರು. ಕೊನೆಗೆ ಅವರಪ್ಪನಿಗೆ ಟವೆಲ್ಲು, ನನಗೆ ಸೆರಗು ಎಂದು ತೀರ್ಮಾನವಾಯಿತು. ಅಭ್ಯಾಸ ಮುಗಿದ ಮೇಲೆ ಎಲ್ಲರೂ ವಾದ್ಯ ಕಟ್ಟುವ ಗಲಾಟೆಯಲ್ಲಿ ನಾನು ಸೆರಗಿನ ಮರೆಯಲ್ಲಿ ಬೆರಳು ತೋರಿಸಬೇಕು. ಒಂದು ಬೆರಳು ಅಂದರೆ ಪೆಟ್ಟಿಗೆ ಮುಚ್ಚಿ ಎಂದು. ಐದು ಅಂದರೆ ಏನೂ ತಪ್ಪಿಲ್ಲ ಎಂದು.

ಅಂದಿನಿಂದ ಬ್ಯಾಂಡಿನಲ್ಲಿ ಕೆಲವು ಬದಲಾವಣೆ ಮಾಡಿದೆ. ಸಾಹುಕಾರರನ್ನು ಮುಂದಿನ ಸಾಲಿನ ನಡುವೆ, ನನಗೆ ಸರಿಯಾಗಿ ಎದುರು ಕೂರಿಸಿದೆ. ದೊಡ್ಡ ಡ್ರಮ್ಮನ್ನು ಅವರ ಬೆನ್ನಿಗೇ ತಂದಿಟ್ಟೆ. ಅದರ ಪೆಟ್ಟು ಎದೆಗೆ ಬಡಿಯುತ್ತದೆ ಎಂದು ಅವರೇ ಹೇಳಿದ್ದರು. ಇನ್ನು ಮೇಲೆ ರೈಲು ಬಂದಾಗ ಎಡಗೈ ಅಂಗೈಯನ್ನೂ ತೋರಿಸುತ್ತೇನೆ ಎಂದೆ. ಉಳಿದವರಿಗೆ ಅದು ಬೇಕಿರಲಿಲ್ಲ, ಹಾರ್ನು ಕೇಳಿದರೆ ಅವರ ತುಟಿ ತಾನಾಗಿ ವಾದ್ಯ ಬಿಡುತ್ತಿತ್ತು. ಜಾಗ ಕಳೆದುಕೊಂಡ ಟೈಲರ್ ಒಂದು ವಾರ ಮುಖ ಊದಿಸಿಕೊಂಡಿದ್ದ. ಊದಿಸಿಕೊಳ್ಳಲಿ, ಟ್ರಂಪೆಟ್ಟಿಗೆ ಒಳ್ಳೆಯದೇ ಎಂದು ಬಿಟ್ಟೆ.

ಎಲ್ಲಕ್ಕಿಂತ ಕಷ್ಟವಾದದ್ದು ಸಾಹುಕಾರರ ಕಣ್ಣು ತೆರೆಸುವುದು. ಅವರು ಕಣ್ಣು ಬಿಟ್ಟುಕೊಂಡು ಊದಿದ ಮೊದಲ ಭಾನುವಾರ, ಆ ದೊಡ್ಡ ಮುಖದ ಎರಡು ಕಣ್ಣು ನನ್ನ ಬಲಗೈಯನ್ನೇ ನೆಟ್ಟು ನೋಡುತ್ತಿದ್ದಾಗ ನನಗೆ ಭಯವಾಯಿತು. ಅಷ್ಟು ವರ್ಷ ಕೈ ಆಡಿಸಿದ್ದೆ, ನಿಜ. ಅರ್ಧ ಅಭ್ಯಾಸಬಲ, ಇನ್ನರ್ಧ ಆಡಂಬರ. ಈಗ ಒಬ್ಬ ಮನುಷ್ಯನಿಗೆ ನನ್ನ ಕೈ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮತ್ತೆ ತಾಳ ಹಾಕಲು ಕಲಿತೆ. ನಮ್ಮನೆಯವರು "ಈ ವಯಸ್ಸಿನಲ್ಲಿ ಭರತನಾಟ್ಯವಾ?" ಎಂದು ಕೇಳಿದರು.

ಪ್ರತಿ ಭಾನುವಾರ ಬೆರಳು ತೋರಿಸಿದೆ. ಹೆಚ್ಚಾಗಿ ಮೂರು, ಕೆಲವು ಸಲ ನಾಲ್ಕು. ಮೇಲಿನ ಸ್ಥಾಯಿಯಲ್ಲಿ ನಿಷಾದ ಸ್ವಲ್ಪ ಜಾರಿದ ದಿನ ಎರಡು ತೋರಿಸಿದೆ. ಅವರು ಊಟ ಬಿಟ್ಟವರಂತೆ ಎದ್ದು ಹೋದರು, ಮುಂದಿನ ವಾರದೊಳಗೆ ತುಟಿಯ ಹಿಡಿತ ಸರಿಮಾಡಿಕೊಂಡು ಬಂದರು. ಐದು ನಾನು ಯಾವತ್ತೂ ತೋರಿಸಲಿಲ್ಲ. ನನಗೆ ನಾನೇ ಐದು ಕೊಟ್ಟುಕೊಂಡವಳಲ್ಲ. ಸುಮ್ಮನೆ ಸಮಾಧಾನಕ್ಕೆ ಒಂದು ಬೆರಳು ಜಾಸ್ತಿ ತೋರಿಸಿದರೂ ಅವರಿಗೆ ಗೊತ್ತಾಗುತ್ತಿತ್ತು. ಕೊಬ್ಬರಿ ರೇಟು ಮಾತಾಡಿ ಬೆಳೆದವರಿಗೆ ಮೋಸ ಮಾಡುವುದು ಸುಲಭವಲ್ಲ.

ಹೀಗಿರುವಾಗ ಬೇಲೂರಿನಿಂದ ಕರೆ ಬಂತು. ರಾಜ್ಯೋತ್ಸವದ ಸಂಜೆ, ಶಾಲೆಯ ಮೈದಾನದಲ್ಲಿ ವೇದಿಕೆ. ಬ್ಯಾಂಡಿನವರೆಲ್ಲ ಕುಣಿದಾಡಿದರು. ಸಾಹುಕಾರರು ಮಾತ್ರ ಮಂಕಾದರು. ಬೇಲೂರು ಅವರ ಮಾವನ ಮನೆ. ಹೆಂಡತಿಯ ಅಣ್ಣತಮ್ಮಂದಿರೆಲ್ಲ ಮುಂದಿನ ಕುರ್ಚಿಯಲ್ಲೇ ಕೂರುವವರು. ಕ್ಲಾರಿನೆಟ್ ಊದುವ ಭಾವ ಎಂದು ಮೊದಲೇ ಅವರಿಗೆ ನಗೆಪಾಟಲು.

"ಅಲ್ಲಿ ತಪ್ಪಿದ್ರೆ?" ಎಂದು ಕೇಳಿದರು.

"ತಪ್ಪಿದರೆ ಒಂದು ಬೆರಳು" ಎಂದು ಒಂದು ಬೆರಳೆತ್ತಿ ತೋರಿಸಿದೆ. ಅದೇ ಅವರಿಗೆ ಸಮಾಧಾನ ತಂದಿತೆಂದು ಕಾಣುತ್ತದೆ. ಬರುತ್ತೇನೆ ಅಂದರು. ನನಗೆ ಆ ವಾರ ಸಮಾಧಾನ ಇರಲಿಲ್ಲ. ಆಡಿದ ಮಾತಿನಂತೆ ಎಲ್ಲರ ಎದುರು ಆ ಒಂದು ಬೆರಳು ಎತ್ತಬೇಕಾಗಿ ಬಂದರೆ ನನ್ನ ಕೈಲಾಗುತ್ತದೆಯೇ ಎಂಬುದೇ ಯೋಚನೆ.

ಬೇಲೂರಿನ ಮೈದಾನ ರಸ್ತೆಗೆ ಅಂಟಿಕೊಂಡಿತ್ತು. ಜನ ಚೆನ್ನಾಗಿ ಸೇರಿದ್ದರು. ಸಾಹುಕಾರರ ಭಾವಮೈದುನರು ಮುಂದಿನ ಸಾಲಿನಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಸಾಹುಕಾರರ ಹೆಂಡತಿ, ತವರಿನ ಸಡಗರದಲ್ಲಿ. ಭಾಷಣಗಳು ಮುಗಿದು ನಮ್ಮನ್ನು ಕರೆದರು. ನಾನು ಬ್ಯಾಂಡಿಗೆಂದೇ ಕಟ್ಟಿದ್ದ ಹಂಸಧ್ವನಿಯ ಒಂದು ಆದಿತಾಳದ ರಚನೆ ಮೊದಲು. ಶುರು ಚೆನ್ನಾಗಿ ಬಂತು. ಸಾಹುಕಾರರ ಕಣ್ಣು ನನ್ನ ಕೈ ಮೇಲೆ. ಎರಡನೆಯ ಭಾಗದಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಮೇಲೇರಬೇಕು. ಏರುತ್ತಿದ್ದವು.

ಆಗ ಹಿಂದಿನ ರಸ್ತೆಯಲ್ಲಿ ಒಂದು ಟೂರಿಸ್ಟ್ ಬಸ್ಸು ಹಾರ್ನು ಹಾಕಿತು. ಈಗಿನ ಬಸ್ಸುಗಳಿಗೆ ಎಂಥೆಂಥ ಹಾರ್ನು ಹಾಕಿಸುತ್ತಾರೋ ದೇವರಿಗೇ ಗೊತ್ತು. ಅದು ಥೇಟ್ ರೈಲು ಎಂಜಿನ್ನಿನ ಕೂಗು.

ನನ್ನ ಬ್ಯಾಂಡು ನಿಂತುಹೋಯಿತು.

ಟ್ರಂಪೆಟ್ ತುಟಿಯಿಂದ ಇಳಿಯಿತು, ಕೊಳಲು ಇಳಿಯಿತು, ಗ್ಯಾಂಗ್‌ಮನ್‌ರ ಬಡಿಗೆ ಗಾಳಿಯಲ್ಲಿ ಬಡಿಯತೊಡಗಿತು. ಎಲ್ಲರೂ ಬಾಯಿ ಮುಚ್ಚಿಕೊಂಡು, ಕಾಲಿನಲ್ಲಿ ಮೆಲ್ಲಗೆ ತಾಳ ಹಾಕುತ್ತಾ, ಬೇಲೂರಿನ ಮೈದಾನದಲ್ಲಿ ಇಲ್ಲದ ರೈಲು ಹೋಗಲಿ ಎಂದು ಕಾಯುತ್ತಿದ್ದರು. ಇಂಥ ತಪ್ಪನ್ನು ಭೂಮಿಯ ಮೇಲೆ ಬೇರೆ ಯಾವ ಬ್ಯಾಂಡೂ ಮಾಡಲಾರದು. ಕಲಿಸಿದವಳು ನಾನೇ, ಬೈಯುವುದು ಯಾರನ್ನು?

ನಿಲ್ಲದವರು ಸಾಹುಕಾರರು ಒಬ್ಬರೇ. ಹಾರ್ನು ಅವರಿಗೆ ಕೇಳಿರಲಿಲ್ಲ. ನನ್ನ ಎಡಗೈ ಎದ್ದಿರಲಿಲ್ಲ. ಬಲಗೈ ನಡೆಯುತ್ತಿತ್ತು, ಆದ್ದರಿಂದ ಅವರೂ ನಡೆಯುತ್ತಿದ್ದರು. ಎಲ್ಲ ವಾದ್ಯಗಳೂ ಸೇರಿ ಏರಬೇಕಾಗಿದ್ದ ಆ ಏರನ್ನು ಒಂದೇ ಕ್ಲಾರಿನೆಟ್ ಏರುತ್ತಿತ್ತು. ಮುಂದಿನ ಸಾಲಿನ ಭಾವಮೈದುನರು ಕಾಲಿಳಿಸಿ ಮುಂದೆ ಬಗ್ಗಿದರು. ನಾನು ತಲೆ ಆಡಿಸಿದ್ದರೆ ಬ್ಯಾಂಡು ಅಲ್ಲೇ ಸೇರಿಕೊಳ್ಳುತ್ತಿತ್ತು. ಮೊದಲ ಆವರ್ತದಲ್ಲಿ ಗಾಬರಿಯಿಂದ ಆಡಿಸಲಿಲ್ಲ. ಎರಡನೆಯದರಲ್ಲಿ ಬೇಕೆಂದೇ ಆಡಿಸಲಿಲ್ಲ. ಮೇಲಿನ ನಿಷಾದ ಹತ್ತಿರ ಬರುತ್ತಿತ್ತು. ಅವರು ಅದನ್ನು ಮುಟ್ಟಿದರು, ಹಿಡಿದರು, ಜಾರದೆ ಅಲ್ಲೇ ನಿಂತರು. ಆಮೇಲೆ ನಾನು ತಲೆ ಆಡಿಸಿದೆ. ಇಡೀ ಬ್ಯಾಂಡು, ಒಬ್ಬರೂ ರೈಲಿಗೆ ಸಿಕ್ಕದೆ, ಇರಬೇಕಾದ ಜಾಗದಲ್ಲೇ ಒಟ್ಟಿಗೆ ಎದ್ದಿತು.

ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೇಕೆಂದೇ ಹಾಗೆ ಕಟ್ಟಿದ್ದೇವೆ ಎಂದುಕೊಂಡಿರಬೇಕು.

ಸಾಹುಕಾರರು ಜನರ ಕಡೆ ನೋಡಲಿಲ್ಲ. ಮುಖ ಬಿಳಿಚಿಕೊಂಡಿತ್ತು. ತಿರುಗಿ ಗ್ಯಾಂಗ್‌ಮನ್‌ರನ್ನು ನೋಡಿದರು, ಟೈಲರನ್ನು ನೋಡಿದರು, ನನ್ನನ್ನು ನೋಡಿದರು. ಕಿವಿ ಕೇಳದವರು ಮೆಲ್ಲಗೆ ಮಾತಾಡುತ್ತಿದ್ದೇವೆ ಎಂದುಕೊಂಡು ಜೋರಾಗಿ ಮಾತಾಡುತ್ತಾರೆ. ಎದುರಿಗೆ ಮೈಕು ಬೇರೆ ಇತ್ತು.

"ಮೇಡಂ, ಟ್ರೈನ್ ಬಂತಾ?"

ಅದು ಇಡೀ ಮೈದಾನಕ್ಕೆ ಕೇಳಿತು. ಜನ ನಕ್ಕರು. ಅರಸೀಕೆರೆಯವರ ತಮಾಷೆ ಎಂದುಕೊಂಡರು. ಬ್ಯಾಂಡಿನವರು ಯಾರೂ ನಗಲಿಲ್ಲ. ಬೇಲೂರಿಗೆ ರೈಲೇ ಇಲ್ಲ ಎಂಬುದು ಸಾಹುಕಾರರಿಗೂ ಗೊತ್ತು, ನಮಗೂ ಗೊತ್ತು. ಅಷ್ಟು ದಿನ ಮುಚ್ಚಿಟ್ಟುಕೊಂಡಿದ್ದು ಆ ಒಂದು ಪ್ರಶ್ನೆಯಲ್ಲಿ ಬ್ಯಾಂಡಿನವರೆಲ್ಲರಿಗೂ ತಿಳಿದುಹೋಯಿತು.

"ಎದೆಗೆ ಡ್ರಮ್ ಬಡೀಲಿಲ್ಲ. ನಾನೊಬ್ಬನೇ ಊದಿದೆ ಅಲ್ವಾ?" ಅಂದರು. ಅನ್ನುತ್ತಲೇ ಕ್ಲಾರಿನೆಟ್ಟಿನ ಮೌತ್‌ಪೀಸ್ ಬಿಚ್ಚಿದರು. ಕಾಲ ಬಳಿಯಿದ್ದ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು ಅದರ ಮುಚ್ಚಳ ತೆಗೆದರು. ಆಮೇಲೆ ತಲೆಯೆತ್ತಿ ನನ್ನ ಸೆರಗಿನ ಕಡೆ ನೋಡಿ ಕಾಯತೊಡಗಿದರು. ಒಂದು ಬೆರಳಿಗಾಗಿ ಕಾಯುತ್ತಿದ್ದರು.

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಲ್ಲರಿಗೂ ಕಾಣುವ ಹಾಗೆ ಬಲಗೈ ಎತ್ತಿ ಐದು ಬೆರಳು ತೋರಿಸಿದೆ.

ಅವರು ನಂಬಲಿಲ್ಲ. ಮುಖ ಗಂಟಿಕ್ಕಿತು. "ಪಾಪ ಅಂತ ತೋರಿಸ್ಬೇಡಿ ಮೇಡಂ. ನೀವು ಹುಟ್ಟಿದಾಗಿಂದ ಐದು ತೋರಿಸಿದೋರಲ್ಲ" ಅಂದರು.

ನಾನು ಕೈ ಇಳಿಸಲಿಲ್ಲ. ಗ್ಯಾಂಗ್‌ಮನ್ ಡ್ರಮ್ಮನ್ನು ಕೆಳಗಿಟ್ಟು, ಬಗ್ಗಿ, ತಮ್ಮ ಮುಖವನ್ನು ಸಾಹುಕಾರರ ಮುಖದ ಎದುರಿಗೇ ತಂದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಬೇಲೂರಿಗೆ ಎಲ್ಲೈತೆ ಸಾವ್ಕಾರ್ರೆ ಟ್ರೈನು? ಬಸ್ಸಿನ ಹಾರ್ನಿಗೆ ನಿಂತ್ಬುಟ್ವಿ. ತಪ್ಪಿದ್ದು ನಾವು. ನೀವೊಬ್ರೇ ಸರಿ."

"ಎಲ್ಲಾರೂನಾ?"

"ಎಲ್ಲಾರೂವೇ. ಕಿವಿ ಇದ್ದೋರೆಲ್ಲ ಕೆಟ್ವಿ."

ಸಾಹುಕಾರರು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದರು. ಟೈಲರ್ ತನ್ನ ಎರಡು ಕಿವಿ ಹಿಡಿದುಕೊಂಡು ತಪ್ಪಾಯ್ತು ಎಂಬಂತೆ ಕುರ್ಚಿಯಿಂದ ಅರ್ಧ ಎದ್ದು ಕೂತ. ಅದನ್ನು ನೋಡಿ ಸಾಹುಕಾರರಿಗೆ ನಗು ಬಂತು. ತಮ್ಮ ನಗು ತಮಗೇ ಕೇಳದವರ ನಗು, ಮೈಕಿನಲ್ಲಿ ಮೈದಾನದ ಕೊನೆಯವರೆಗೂ ಹೋಯಿತು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಮಾತ್ರ ನಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಗಂಡನ ಕಿವಿಯನ್ನೇ ನೋಡುತ್ತಿದ್ದರು.

ಸಾಹುಕಾರರು ಪೆಟ್ಟಿಗೆಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ಮೌತ್‌ಪೀಸನ್ನು ಮತ್ತೆ ತಿರುಗಿಸಿ ಕೂರಿಸಿದರು. ನಾನು ಮುಂದಿನ ರಚನೆಗೆ ಕೈ ಎತ್ತಿದೆ. ಕಣ್ಣು ತುಂಬಿಕೊಂಡು ಎದುರಿಗಿದ್ದವರೆಲ್ಲ ಮಸುಕಾಗಿದ್ದರು, ಕೈ ನನ್ನ ಮಾತು ಕೇಳದೆ ನಡುಗುತ್ತಿತ್ತು. ಸಾಹುಕಾರರು ಕ್ಲಾರಿನೆಟ್ಟನ್ನು ತುಟಿಯಿಂದ ಇಳಿಸಿದರು.

"ಕೈ ನಡುಗಿಸ್ಬೇಡಿ ಮೇಡಂ, ನೆಟ್ಟಗಿಡಿ" ಎಂದು, ನಾನು ಅವರನ್ನು ಬೈಯುತ್ತಿದ್ದ ಧಾಟಿಯಲ್ಲೇ ಬೈದರು. "ನನಗೆ ಕೇಳೋದು ಅದೊಂದೇ."